ಶುಂಠಿ ಗೋದಾಮಿನ ಇಂಗ್ಲಿಷ್ ಶಾಲೆ

ಮಗಳಿಗೆ ನಾಲ್ಕು ದಿನದಿಂದ ಕೆಮ್ಮು. ಶುಂಠಿಯ ಚುಕ್ಕುಕಾಪಿ ಮಾಡಿ ಕುಡಿಸಿ, ಎಲ್ಲ ಸರಿಹೋಗುತ್ತದೆ ಎಂದು ಪಕ್ಕದ ಫ್ಲಾಟಿನ ಮಲಯಾಳಿ ಚೇಚಿ ಎರಡು ಸಲ ಹೇಳಿದ್ದರಿಂದ ಒಣಶುಂಠಿ ತರಲು ತಿರುವನಂತಪುರದ ಶ್ರೀಕಾರ್ಯಂ ಜಂಕ್ಷನ್ನಿನ ಅಂಗಡಿಗೆ ಹೋಗಿದ್ದೆ. ಅಂಗಡಿಯ ಡಬ್ಬಿಯಲ್ಲಿದ್ದದ್ದು ಮುಗಿದಿತ್ತು. ಅಂಗಡಿಯವನು ಹೊಸ ಗೋಣಿಚೀಲವೊಂದನ್ನು ಎಳೆದು ಅದರ ಬಾಯಿಯ ಹೊಲಿಗೆ ಬಿಚ್ಚಿದ. ಶುಂಠಿಯ ಆ ಒಣ ಘಾಟು, ಅದರ ಜೊತೆಗೆ ಗೋಣಿಯ ವಾಸನೆ, ಒಂದಿಷ್ಟು ಧೂಳು... ನಾನು ಸೀನಿದೆ. ಒಂದಲ್ಲ, ನಾಲ್ಕು ಸಲ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡೆ. ಅಂಗಡಿಯವನು ನಕ್ಕು ಒಂದು ಸ್ಟೂಲು ಸರಿಸಿಕೊಟ್ಟ. ಘಾಟಿಗೆ ಬಂದ ಕಣ್ಣೀರೆಂದು ಅವನು ತಿಳಿದುಕೊಂಡಿದ್ದ. ಹಾಗೇ ಇರಲಿ ಎಂದು ನಾನೂ ಸ್ವಲ್ಪ ಹೊತ್ತು ಕುಳಿತೆ.

ಅವರನ್ನು ಎಲ್ಲರೂ ಟೀಚರ್ ಎಂದೇ ಕರೆಯುತ್ತಿದ್ದರು. ಕೇರಳದಲ್ಲಿ ಪಾಠ ಹೇಳುವ ಹೆಂಗಸರೆಲ್ಲ ಟೀಚರುಗಳೇ. ನನ್ನನ್ನೂ ಹಾಗೇ ಕರೆಯುತ್ತಿದ್ದರು. ಆದರೆ ನನ್ನ ಮನಸ್ಸಿನಲ್ಲಿ ಟೀಚರ್ ಎಂದರೆ ಒಬ್ಬರೇ. ಎಂಬತ್ತರ ಹತ್ತಿರದ ವಯಸ್ಸು, ಕಾಸರಗೋಡು ಕಡೆಯ ಕನ್ನಡ, ಉಳ್ಳೂರಿನ ಒಂದು ಮನೆಯ ಹಿಂಭಾಗದ ಬಾಡಿಗೆ ಕೋಣೆಯಲ್ಲಿ ಒಂಟಿ ವಾಸ. ಅವರಿಗೆ ನಾನೊಂದು ಅನ್ಯಾಯ ಮಾಡಿದೆ. ಬೇರೆಯವರು ನನ್ನ ಕೈಲಿ ಮಾಡಿಸಿದರು ಎಂದು ಹೇಳಿಕೊಂಡು ಸಮಾಧಾನಪಡಲು ಎಷ್ಟೋ ದಿನ ಪ್ರಯತ್ನಪಟ್ಟೆ. ಆಗಲಿಲ್ಲ, ಏಕೆಂದರೆ ಅದು ನಿಜವಲ್ಲ.

ಆಗ ನಾವು ಕೊಚ್ಚಿಯಲ್ಲಿದ್ದೆವು. ನನ್ನ ಗಂಡನಿಗೆ ಕೇಂದ್ರ ಸರ್ಕಾರದ ಕೆಲಸ, ಮೂರ್ನಾಲ್ಕು ವರ್ಷಕ್ಕೊಂದು ಊರು. ಮೈಸೂರಿನಿಂದ ಬಂದ ಹೊಸದರಲ್ಲಿ ನನಗೆ ಮಲಯಾಳಂ ಬಾರದು, ಮನೆಯಲ್ಲಿ ಕುಳಿತು ಹುಚ್ಚು ಹಿಡಿಯುವುದೊಂದು ಬಾಕಿ. ಇದ್ದ ಒಂದೇ ಬಂಡವಾಳ ಇಂಗ್ಲಿಷ್ ಎಂ.ಎ. ಅದನ್ನು ಹಿಡಿದು ಮಟ್ಟಾಂಚೇರಿಯ ಒಂದು ಇಂಗ್ಲಿಷ್ ಸೆಕೆಂಡರಿ ಶಾಲೆಯ ಬಾಗಿಲು ತಟ್ಟಿದೆ. ಎಂಟು ಮತ್ತು ಒಂಬತ್ತನೇ ಕ್ಲಾಸು ಕೊಟ್ಟರು. ಎರಡಂತಸ್ತಿನ ಕಟ್ಟಡ, ಮೇಲೆ ಲ್ಯಾಬು, ಕೆಳಗೆ ಪ್ರಾರ್ಥನೆಯ ಅಂಗಳ, ಗೇಟಿನಿಂದಾಚೆ ಮೆಣಸು ಶುಂಠಿಗಳ ಹಳೆಯ ಗೋದಾಮುಗಳ ಸಾಲು. ಮೂರನೇ ವರ್ಷಕ್ಕೆ ಶಾಲೆಗೆ ಸುವರ್ಣ ಮಹೋತ್ಸವ ಬಂತು. ಸ್ಮರಣ ಸಂಚಿಕೆಗೆ 'ನಮ್ಮ ಶಾಲೆಯ ಇತಿಹಾಸ ಮತ್ತು ಬೆಳವಣಿಗೆ' ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದರು. ಹೊರಗಿನವಳು, ಯಾರ ಕಡೆಯವಳೂ ಅಲ್ಲ, ಇಂಗ್ಲಿಷ್ ಚೆನ್ನಾಗಿದೆ ಎಂಬುದು ಕಾರಣ.

ಅಂಥ ಇತಿಹಾಸ ಬರೆಯುವುದು ಕಷ್ಟವೇನಲ್ಲ. ಸಣ್ಣ ಬೀಜವೊಂದು ಹೆಮ್ಮರವಾಯಿತು ಎಂದು ಶುರುಮಾಡಿ, ನಡುವೆ ನಾಲ್ಕು ಕಟ್ಟಡ ಕಟ್ಟಿ, ಹತ್ತನೇ ತರಗತಿಯ ಫಲಿತಾಂಶ ಹೊಗಳಿ, ಕೊನೆಗೆ ಆಡಳಿತ ಮಂಡಳಿಯ ದೂರದೃಷ್ಟಿಗೆ ನಮಸ್ಕಾರ ಹಾಕಿದರೆ ಎರಡು ಪುಟ ತುಂಬುತ್ತದೆ. ಆದರೆ ಮೊದಲ ವರ್ಷಗಳ ಬಗ್ಗೆ ಆಫೀಸಿನಲ್ಲಿ ಏನೂ ಇರಲಿಲ್ಲ. ತಿರುವನಂತಪುರದಲ್ಲಿ ಒಬ್ಬರು ಹಳೆಯ ಒಂದನೇ ಕ್ಲಾಸಿನ ಟೀಚರ್ ಇದ್ದಾರೆ, ಅವರಿಗೆ ನೆನಪಿರಬಹುದು ಎಂದು ಗುಮಾಸ್ತೆ ಹೇಳಿದಳು. ಒಂದು ಶನಿವಾರ ಬೆಳಗಿನ ರೈಲು ಹಿಡಿದೆ.

ಉಳ್ಳೂರಿನಲ್ಲಿ, ಮೆಡಿಕಲ್ ಕಾಲೇಜಿನ ರಸ್ತೆಯಿಂದ ಒಳಗೆ ತಿರುಗಿದ ಮೇಲೆ ಆ ಮನೆ. ಮುಂದಿನ ಭಾಗದಲ್ಲಿ ಮನೆಯ ಯಜಮಾನಿ, ಆಸ್ಪತ್ರೆಯಲ್ಲಿ ನರ್ಸು. ಹಿಂದಿನ ಕೋಣೆಯಲ್ಲಿ ಟೀಚರ್. ಅರ್ಧ ಗಂಟೆ ನಾವಿಬ್ಬರೂ ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದೆವು. ನಾನು ಕೇಳಿದ್ದಕ್ಕೆಲ್ಲ ಅವರು ಒಂದೊಂದೇ ಸಾಲಿನ ಉತ್ತರ ಕೊಡುತ್ತಿದ್ದರು. ಇದು ಕೆಲಸಕ್ಕೆ ಬಾರದ ಪ್ರಯಾಣ ಎಂದು ಒಳಗೊಳಗೇ ಕಿರಿಕಿರಿಯಾಗತೊಡಗಿದಾಗ ಮಗಳ ಫೋನು ಬಂತು. ಏನೇ, ಊಟ ಮಾಡಿದ್ಯಾ, ಮೊಸರು ಫ್ರಿಜ್ಜಲ್ಲಿದೆ ನೋಡು ಎಂದೆಲ್ಲ ಗದರಿ ಫೋನಿಟ್ಟು ತಿರುಗಿದರೆ ಟೀಚರ ಮುಖವೇ ಬೇರೆಯಾಗಿತ್ತು.

"ಹೇ, ಕನ್ನಡದವಳಾ ನೀನು? ಮೊದ್ಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ? ಅರ್ಧ ಗಂಟೆಯಿಂದ ಇಂಗ್ಲಿಷಲ್ಲಿ ಕೊರೀತಾ ಇದ್ದೀಯಲ್ಲ ಮಾರಾಯ್ತಿ!"

ಆಮೇಲೆ ಅವರನ್ನು ನಿಲ್ಲಿಸುವುದೇ ಕಷ್ಟವಾಯಿತು. ಅವರು ತಂಗಿಯ ಜೊತೆ ಇರಲು ಈ ಊರಿಗೆ ಬಂದಿದ್ದರು. ತಂಗಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಲ್ಲಿಂದ ಈಚೆಗೆ ಕನ್ನಡ ಮಾತಾಡಲು ಒಂದು ಜನವಿಲ್ಲ. "ಕೆಲವೊಮ್ಮೆ ಗೋಡೆಯ ಹತ್ರ ಮಾತಾಡುದುಂಟು. ಅದು ತಿರುಗಿ ಬೈಯುದಿಲ್ಲ, ಅದೇ ಬೇಜಾರು," ಎಂದು ನಕ್ಕರು. ನನಗೂ ಆ ಬೇಜಾರು ಗೊತ್ತಿತ್ತು. ನಮ್ಮ ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳುತ್ತೇನೆ, ಮಗಳು ಮಲಯಾಳಂನಲ್ಲಿ ಉತ್ತರ ಕೊಡುತ್ತಾಳೆ, ಗಂಡ ಎರಡೂ ಇಲ್ಲದೆ ತಲೆ ಅಲ್ಲಾಡಿಸುತ್ತಾರೆ. ಆ ಹಿಂದಿನ ಕೋಣೆಯಲ್ಲಿ ಕುಳಿತು ಎರಡು ಗಂಟೆ ಕಾಲ ಬೈಸಿಕೊಂಡದ್ದು ನನಗೆ ಹಬ್ಬದೂಟದಂತೆ ಇತ್ತು. ನಂತರ ತಿಂಗಳಿಗೊಮ್ಮೆ, ಇತಿಹಾಸದ ನೆಪ ಹೇಳಿ, ಹೋಗತೊಡಗಿದೆ.

ಶಾಲೆ ಶುರುವಾದದ್ದು ಈಗಿನ ಜಾಗದಲ್ಲಲ್ಲ, ಈಗ ಹೇಳುವ ವರ್ಷದಲ್ಲೂ ಅಲ್ಲ ಎಂದು ನನಗೆ ಗೊತ್ತಾದದ್ದು ಹೀಗೆ. ಟೀಚರ ತಂದೆ ಮಟ್ಟಾಂಚೇರಿಯ ಮಸಾಲೆ ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆಯುತ್ತಿದ್ದರು. ಆ ಬೀದಿಯ ಗಂಡುಮಕ್ಕಳು ಇಂಗ್ಲಿಷ್ ಕಲಿಯಲು ದೋಣಿ ಹತ್ತಿ ಎರ್ನಾಕುಳಕ್ಕೆ ಹೋಗುತ್ತಿದ್ದರು. ಹೆಣ್ಣುಮಕ್ಕಳನ್ನು ಯಾರೂ ದೋಣಿ ಹತ್ತಿಸುತ್ತಿರಲಿಲ್ಲ. ಹಾಗಾದರೆ ಶಾಲೆ ನೀರಿನ ಈಚೆಗೇ ಆಗಬೇಕು ಎಂದು ಇಪ್ಪತ್ತೆರಡು ವರ್ಷದ ಈ ಹುಡುಗಿ ತಂದೆಯ ಧಣಿಯನ್ನು ಹೋಗಿ ಕೇಳಿದಳು. ಅವರು ಒಂದು ಶುಂಠಿ ಗೋದಾಮಿನ ಮೂಲೆ ಬಿಟ್ಟುಕೊಟ್ಟರು. ಗುಮಾಸ್ತರ, ತೂಕ ಹಾಕುವವರ, ಶುಂಠಿ ಆರಿಸುವ ಹೆಂಗಸರ ಮಕ್ಕಳು, ಹತ್ತೊಂಬತ್ತು ಹುಡುಗಿಯರು ಬಂದರು. ಆರು ವರ್ಷ ಆ ಶಾಲೆ ನಡೆಯಿತು.

ಗೋದಾಮಿಗೆ ಕಿಟಕಿ ಇರಲಿಲ್ಲ. ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು. ಅದರಿಂದ ಬೆಳಗ್ಗೆ ಹತ್ತೂವರೆಗೆ ಒಂದು ಚಾಪೆಯಗಲದ ಬಿಸಿಲು ಕೆಳಗಿಳಿದರೆ ಒಂದೂವರೆಗೆ ಎದುರು ಗೋಡೆ ಹತ್ತಿ ಮಾಯವಾಗುತ್ತಿತ್ತು. ಬರೆಯುವ ಪಾಠ ಅಷ್ಟರೊಳಗೆ ಮುಗಿಯಬೇಕು. ಬಿಸಿಲು ಸರಿದ ಹಾಗೆ ಹತ್ತೊಂಬತ್ತು ಹುಡುಗಿಯರೂ ಸ್ಲೇಟು ಹಿಡಿದುಕೊಂಡು, ಏಳದೆ, ಕುಳಿತಲ್ಲಿಂದಲೇ ಒಂದೊಂದು ಗೇಣು ಸರಿಯುತ್ತಿದ್ದರು. ಮಧ್ಯಾಹ್ನಕ್ಕೆ ಇಡೀ ಶಾಲೆ ಪಶ್ಚಿಮದ ಗೋಡೆಯಿಂದ ಪೂರ್ವದ ಗೋಡೆಗೆ ಬಂದಿರುತ್ತಿತ್ತು. ಉಳಿದ ಹೊತ್ತೆಲ್ಲ ಕತ್ತಲೆಯಲ್ಲಿ ಬಾಯಿಪಾಠ. ಟೀಚರ್ ಹೇಳುವುದು, ಹುಡುಗಿಯರು ತಿರುಗಿ ಹೇಳುವುದು, ನಡುವೆ ಪಕ್ಕದಲ್ಲಿ ಶುಂಠಿ ಕೇರಿದರೆ ಎಲ್ಲರೂ ಸೀನುವುದು. ಶುಂಠಿ ಹೆಚ್ಚು ಬರುವ ಕಾಲಕ್ಕೆ ಗೋದಾಮು ತುಂಬಿ ಕೂರಲು ಜಾಗವಿಲ್ಲದೆ ಶಾಲೆಗೆ ರಜೆ. ಬೇರೆ ಶಾಲೆಗಳಿಗೆ ಬೇಸಿಗೆ ರಜೆ, ನಮ್ಮದಕ್ಕೆ ಶುಂಠಿ ರಜೆ ಎನ್ನುತ್ತಿದ್ದರು.

ನನಗೂ ಅವರು ಅದೇ ರೀತಿ ಪಾಠ ಮಾಡಿದರು. ನಾನು ನೋಟ್‌ಬುಕ್ ತೆಗೆದರೆ ಸಿಟ್ಟು. "ಮೊದಲು ಕೇಳು. ಮತ್ತೆ ತಿರುಗಿ ಹೇಳು. ಆಮೇಲೆ ಬರಿ." ಹತ್ತೊಂಬತ್ತು ಹೆಸರನ್ನು ಅವರು ಸಾಲಾಗಿ, ಯಾರ ಪಕ್ಕ ಯಾರು ಕುಳಿತಿದ್ದರೋ ಆ ಕ್ರಮದಲ್ಲಿ ಹೇಳುತ್ತಿದ್ದರು. ಮುಂದಿನ ಸಾಲು ಆರು, ನಡುವಿನದು ಆರು, ಹಿಂದಿನದು ಏಳು. ಇವಳಿಗೆ ಕಿವಿ ಸೋರುತ್ತಿತ್ತು, ಅದಕ್ಕೆ ಮುಂದೆ. ಇವಳಿಗೆ ತಮ್ಮನನ್ನು ಮಡಿಲಲ್ಲಿಟ್ಟುಕೊಂಡೇ ಬರಬೇಕು, ಅದಕ್ಕೆ ಬಾಗಿಲ ಹತ್ತಿರ. ನಾನು ತಿರುಗಿ ಹೇಳಬೇಕು. ನನ್ನ ಬುದ್ಧಿಗೆ ಏನೆನ್ನಲಿ... ಮೊದಲ ಸಲ ಬಸ್‌ಸ್ಟಾಪಿನಲ್ಲಿ ನಿಂತು ಹೆಸರುಗಳನ್ನೆಲ್ಲ ಗೀಚಿಕೊಂಡಿದ್ದೆ. ಮುಂದಿನ ಸಲ ನೋಟ್‌ಬುಕ್ಕನ್ನು ಬ್ಯಾಗಿನೊಳಗೇ ತೆರೆದಿಟ್ಟು, ಓರೆಗಣ್ಣಲ್ಲಿ ನೋಡಿ ಹತ್ತೊಂಬತ್ತನ್ನೂ ಒಪ್ಪಿಸಿದೆ. ಅವರು ನನ್ನ ಬೆನ್ನು ತಟ್ಟಿದರು. ಕಾಪಿ ಹೊಡೆದು ಪಾಸಾದ ಇಂಗ್ಲಿಷ್ ಎಂ.ಎ. ನಾನು.

ಆ ಹುಡುಗಿಯರ ವಿಷಯವನ್ನು ಅವರು ನಗುತ್ತ ಹೇಳುತ್ತಿರಲಿಲ್ಲ. ಏಳನೇ ವರ್ಷ ವ್ಯಾಪಾರಿಗಳೆಲ್ಲ ಸೇರಿ ಮಂಡಳಿ ಮಾಡಿದರು, ಹೊಸ ಕಟ್ಟಡ ಎದ್ದಿತು, ಸರ್ಕಾರದ ಮಾನ್ಯತೆ ಬಂತು. ಮಾನ್ಯತೆ ಬಂದ ಮೇಲೆ ಎಲ್ಲಕ್ಕೂ ಕಾಗದ ಬೇಕು. ಟೀಚರಿಗೆ ಡಿಗ್ರಿ ಇಲ್ಲ, ಒಂದನೇ ಕ್ಲಾಸಿಗೆ ಹಾಕಿದರು; ನಿವೃತ್ತಿಯವರೆಗೂ ಅಲ್ಲಿಯೇ. ಅದಕ್ಕೆ ಅವರಿಗೆ ದುಃಖವಿರಲಿಲ್ಲ, ಅಥವಾ ಇದ್ದರೂ ನನ್ನ ಮುಂದೆ ತೋರಿಸಲಿಲ್ಲ. ಆದರೆ ಹತ್ತೊಂಬತ್ತು ಹುಡುಗಿಯರನ್ನು ಹೊಸ ಶಾಲೆಗೆ ಸೇರಿಸಿಕೊಳ್ಳಲಿಲ್ಲ. ಮೊದಲು ಎಲ್ಲಿ ಓದಿದ್ದರೆಂಬುದಕ್ಕೆ ಪ್ರಮಾಣಪತ್ರವಿಲ್ಲ, ಒಂದನೇ ಕ್ಲಾಸಿಗೆ ಕೂರಿಸಲು ವಯಸ್ಸು ಮೀರಿದೆ.

"ಸರ್ಟಿಫಿಕೇಟ್ ಕೊಡ್ತೇನೆ ಅಂತ ನಾನು ಹೇಳಿದ್ದೆ ಅವರಿಗೆ," ಎಂದರು ಒಂದು ದಿನ. "ಆರು ವರ್ಷ ಹೇಳಿದ್ದೆ. ಅವರು ಓದಿದ್ದಾರೆ ಅಂತ ಈ ಭೂಮಿ ಮೇಲೆ ಒಂದು ತುಂಡು ಕಾಗದ ಇಲ್ಲ. ನನ್ನ ಹೆಸರು ನೀನು ಬರೀಲೇಬೇಡ. ಆ ಆರು ವರ್ಷ ಬರಿ, ಈ ಹತ್ತೊಂಬತ್ತು ಹೆಸರು ಬರಿ. ಶಾಲೆಯ ಪುಸ್ತಕದಲ್ಲಿ ಅಚ್ಚಾದ್ರೆ ಅದೂ ಒಂದು ಸರ್ಟಿಫಿಕೇಟೇ ಅಲ್ವಾ?"

ಬರೀತೀನಿ ಟೀಚರ್ ಎಂದೆ. ಕೈ ಹಿಡಿದುಕೊಂಡು ಹೇಳಿದೆ.

ಒಂದು ಭಾನುವಾರ ಅವರನ್ನು ರೈಲಿನಲ್ಲಿ ಕೊಚ್ಚಿಗೆ ಕರೆದುಕೊಂಡು ಬಂದೆ. ಗೋದಾಮು ಇನ್ನೂ ಇತ್ತು. ಅಕ್ಕಪಕ್ಕದವು ಪ್ರವಾಸಿಗಳಿಗಾಗಿ ಹಳೆಯ ಸಾಮಾನಿನ ಅಂಗಡಿಗಳಾಗಿದ್ದವು, ಇದರಲ್ಲಿ ಮಾತ್ರ ಇನ್ನೂ ಶುಂಠಿ. ಏಳೆಂಟು ಹೆಂಗಸರು ನೆಲದಲ್ಲಿ ಕುಳಿತು ಶುಂಠಿ ಆರಿಸುತ್ತಿದ್ದರು. ಟೀಚರ್ ಒಳಗೆ ಬಂದು ಕತ್ತಲೆಗೆ ಕಣ್ಣು ಹೊಂದಿಸಿಕೊಳ್ಳುತ್ತ ನಿಂತರು. ಆಮೇಲೆ ಕೋಲನ್ನು ನೆಲಕ್ಕೆ ತಾಗಿಸಿ ಇಲ್ಲಿ ಮುಂದಿನ ಸಾಲು ಎಂದರು. ಒಂದೊಂದೇ ಜಾಗಕ್ಕೆ ಕೋಲು ತೋರಿಸುತ್ತ ಒಂದೊಂದೇ ಹೆಸರು ಕರೆದರು, ಹಾಜರಿ ಕೂಗುವ ಗಟ್ಟಿ ದನಿಯಲ್ಲಿ. ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಹತ್ತೊಂಬತ್ತೂ ಮುಗಿದ ಮೇಲೆ ಅವರಲ್ಲೊಬ್ಬಳು, ನಮ್ಮನ್ನೂ ಕರೀರಿ ಟೀಚರೇ, ಎಂದು ಮಲಯಾಳಂನಲ್ಲಿ ಹೇಳಿ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಟೀಚರ್ ನಗಲಿಲ್ಲ. ಅವಳ ಹೆಸರು ಕೇಳಿದರು, ಕರೆದರು, ಅವಳು ನಾಚುತ್ತ ಕೈಯೆತ್ತಿದಳು. ಎಲ್ಲರನ್ನೂ ಹಾಗೆ ಕರೆದರು. ನಾವು ಹೊರಗೆ ಬರುವಾಗ ನಾನೂ ಅವರೂ ಸೀನುತ್ತಲೇ ಬಂದೆವು.

ಮುಂದಿನದನ್ನು ಹೇಳಲು ನಾಲಿಗೆ ಹೊರಳುವುದಿಲ್ಲ. ಲೇಖನ ಬರೆದು ಮ್ಯಾನೇಜರಿಗೆ ಕೊಟ್ಟೆ. ಅಲ್ಲಿ ಶಾಲಾ ಮಂಡಳಿಯ ಮುಖ್ಯಸ್ಥರನ್ನು ಮ್ಯಾನೇಜರ್ ಎನ್ನುತ್ತಾರೆ. ಕೆಟ್ಟ ಮನುಷ್ಯರಲ್ಲ. ನನ್ನನ್ನು ಕರೆಸಿ ಕೂರಿಸಿ, ಟೀ ತರಿಸಿ, ನಿಜವಾದ ಸಂಕಟದಿಂದ ಹೇಳಿದರು: ಟೀಚರೇ, ಮಂತ್ರಿಗಳು ದಿನ ಕೊಟ್ಟಾಗಿದೆ. ಐವತ್ತು ಎಂದು ಬ್ಯಾನರ್ ಅಚ್ಚಾಗಿದೆ. ನೀವು ಬರೆದದ್ದರ ಪ್ರಕಾರ ಶಾಲೆಗೆ ಐವತ್ತಾರು. ಆರು ವರ್ಷದ ಹಿಂದೆಯೇ ಸುವರ್ಣ ಮಹೋತ್ಸವ ಆಗಿಹೋಗಬೇಕಿತ್ತಲ್ಲ, ಈಗ ಮಾಡುತ್ತಿರುವುದು ಏನು ಎಂದು ಯಾರಾದರೂ ಕೇಳಿದರೆ?

ಅವರು ಕೇಳಿದ್ದು ಅಷ್ಟೇ. ತೆಗೆದುಹಾಕಿ ಎಂದು ಹೇಳಲಿಲ್ಲ. ಎಂದಾ ಚೆಯ್ಯಾ, ಅಂದರೆ ಏನು ಮಾಡುವುದು, ಎಂದು ಕೈಚೆಲ್ಲಿ ಕುಳಿತಿದ್ದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಂಥ ಉಪಾಯ ಹೊಳೆದದ್ದು ನನಗೆ. ಮಾನ್ಯತೆ ಸಿಕ್ಕಿದ ದಿನದಿಂದ ಲೆಕ್ಕ ಹಿಡಿದರೆ ಐವತ್ತೇ ಅಲ್ಲವೇ ಸರ್, ಕಾನೂನಿನ ಪ್ರಕಾರ ಶಾಲೆಯ ಇತಿಹಾಸ ಅಲ್ಲಿಂದಲೇ ತಾನೇ, ಎಂದೆ. ಮ್ಯಾನೇಜರ ಮುಖ ಅರಳಿತು. ಇದಕ್ಕೇ ಓದಿದವರು ಬೇಕು ಎಂದರು. ನಾನು ಉಬ್ಬಿದೆ. ಅಲ್ಲೇ ಕುಳಿತು, ಗೋದಾಮಿನ ಮೂರು ಪುಟ ಹೆಸರುಗಳ ಸಮೇತ ಹರಿದುಹಾಕಿ ಅದರ ಜಾಗದಲ್ಲಿ ಒಂದು ವಾಕ್ಯ ಬರೆದೆ: ಇದಕ್ಕೂ ಮೊದಲು ಈ ಪ್ರದೇಶದಲ್ಲಿ ಇಂಗ್ಲಿಷ್ ಕಲಿಕೆಯ ಕೆಲವು ಅನೌಪಚಾರಿಕ ಪ್ರಯತ್ನಗಳು ನಡೆದಿದ್ದವು. ಯಾರೂ ಹೇಳಿಕೊಡಲಿಲ್ಲ. ನನ್ನದೇ ವಾಕ್ಯ. ಹೆಸರುಗಳನ್ನು ಕೊನೆಯಲ್ಲಿ ಒಂದು ಚೌಕದಲ್ಲಾದರೂ ಹಾಕೋಣವೇ ಎಂದು ಕೇಳಬಹುದಿತ್ತು. ಆ ಮನುಷ್ಯ ಒಪ್ಪುತ್ತಿದ್ದರೇನೋ. ಹೊಗಳಿಕೆಯ ಬಿಸಿಯಲ್ಲಿ ಕೇಳಬೇಕೆಂದೇ ಅನಿಸಲಿಲ್ಲ.

ಮಹೋತ್ಸವಕ್ಕೆ ಟೀಚರಿಗೂ ಕರೆಯೋಲೆ ಹೋಗಿತ್ತು. ಮೊಣಕಾಲು ನೋವು, ಬರಲಾಗುವುದಿಲ್ಲ ಎಂದು ಮನೆಯ ಯಜಮಾನಿಯ ಫೋನಿನಿಂದ ನನಗೆ ಹೇಳಿದರು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಹೇಳಲು ನಾಚಿಕೆ. "ಪುಸ್ತಕ ನೀನೇ ತಾ, ಆಯ್ತಾ? ಒಟ್ಟಿಗೆ ಕೂತು ಓದುವ," ಎಂದರು. ಆಯಿತು ಎಂದೆ. ಸ್ಮರಣ ಸಂಚಿಕೆಯ ಒಂದು ಪ್ರತಿಯನ್ನು ಅವರಿಗೆಂದು ಬೇರೆ ಎತ್ತಿಟ್ಟೆ. ಈ ಶನಿವಾರ, ಮುಂದಿನ ಶನಿವಾರ... ಹಾಗೆ ನಾಲ್ಕು ತಿಂಗಳು ಹೋಯಿತು. ಆಮೇಲೆ, ವಿಧಿಗೂ ತಮಾಷೆ ಗೊತ್ತಿರಬೇಕು, ನನ್ನ ಗಂಡನಿಗೆ ವರ್ಗವಾಯಿತು. ತಿರುವನಂತಪುರಕ್ಕೆ, ಶ್ರೀಕಾರ್ಯಂನ ಬೆಳೆ ಸಂಶೋಧನಾ ಸಂಸ್ಥೆಯ ಕಚೇರಿಗೆ. ಉಳ್ಳೂರಿನಿಂದ ಬಸ್ಸಿನಲ್ಲಿ ಹತ್ತು ನಿಮಿಷ.

ಕೊಚ್ಚಿಯ ಮನೆ ಖಾಲಿ ಮಾಡುವಾಗ ಹಳೆಯ ಕಾಗದಗಳ ರಾಶಿಯಲ್ಲಿ ಆ ನೋಟ್‌ಬುಕ್ ಕೈಗೆ ಬಂತು. ಹತ್ತೊಂಬತ್ತು ಹೆಸರು, ಮೂರು ಸಾಲು. ನೋಡಲಾಗಲಿಲ್ಲ. ರದ್ದಿಯವನ ಕಟ್ಟಿಗೆ ನಾನೇ ಸೇರಿಸಿದೆ. ಕಣ್ಣಿಂದ ಮರೆಯಾದರೆ ಮನಸ್ಸಿನಿಂದಲೂ ಹೋಗುತ್ತದೆ ಎಂದುಕೊಂಡಿದ್ದೆ.

ಇಲ್ಲಿಗೆ ಬಂದ ಮೇಲೆ ಹದಿನಾರು ತಿಂಗಳು ನಾನು ಅವರನ್ನು ನೋಡಲು ಹೋಗಲಿಲ್ಲ. ಪೇಟೆಗೆ ಹೋಗುವ ಬಸ್ಸು ಉಳ್ಳೂರಿನ ಮೇಲೆಯೇ ಹೋಗುತ್ತದೆ. ಅವರ ಬೀದಿಯ ತಿರುವು ಕಾಣದ ಕಡೆಯ ಕಿಟಕಿ ಹಿಡಿದು ಕೂರುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನನ್ನು ಯಾರೂ ಕಳ್ಳಿ ಎನ್ನದೆಯೇ ನಾನು ಹೆಗಲು ಒರೆಸಿಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಬಿಳಿ ತಲೆಯ ಯಾವ ಹೆಂಗಸು ಹತ್ತಿದರೂ ಮುಖವನ್ನು ಕಿಟಕಿಗೆ ತಿರುಗಿಸುತ್ತಿದ್ದೆ. ಮೂರು ಸಲ ಯಜಮಾನಿಯ ನಂಬರಿನಿಂದ ಫೋನು ಬಂತು. ಪುಸ್ತಕ ಎಲ್ಲಿ ಎಂದು ಕೇಳಲಿಕ್ಕೇ ಇರಬೇಕೆಂದು ತಿಳಿದು, ಅದು ಕೂಗಿ ಕೂಗಿ ನಿಲ್ಲುವವರೆಗೂ ನೋಡುತ್ತ ಕುಳಿತೆ. ಆ ದಿನಗಳಲ್ಲಿ ನನ್ನಷ್ಟು ಒಂಟಿ ಯಾರೂ ಇರಲಿಲ್ಲ ಎನ್ನಿಸುತ್ತಿತ್ತು. ಕನ್ನಡದಲ್ಲಿ ಬೈಯುವ ಒಂದು ಜೀವ ಹತ್ತು ನಿಮಿಷದ ದೂರದಲ್ಲಿ, ಅದರ ಮುಂದೆ ನಿಲ್ಲುವ ಮುಖ ನನಗಿಲ್ಲ. ಮನೆಯಲ್ಲಿ ಹೇಳಿದ್ದರೆ, ಒಂದು ಲೇಖನಕ್ಕೆ ಇಷ್ಟು ರಾದ್ಧಾಂತವೇ ಎನ್ನುತ್ತಿದ್ದರು. ಹೇಳಲಿಲ್ಲ.

ಮಗಳ ಕಣ್ಣು ತೋರಿಸಲು ಮೆಡಿಕಲ್ ಕಾಲೇಜಿಗೆ ಹೋದ ಒಂದು ಬೆಳಗ್ಗೆ, ಔಷಧಿಯ ಸಾಲಿನಲ್ಲಿ ನಿಂತಿದ್ದಾಗ, ಆ ಮನೆಯ ಯಜಮಾನಿ ನರ್ಸಿನ ಸಮವಸ್ತ್ರದಲ್ಲಿ ಎದುರಿಗೇ ಬಂದರು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಅವರು ನನ್ನ ತೋಳು ಹಿಡಿದು ಸಾಲಿನಿಂದ ಪಕ್ಕಕ್ಕೆ ಕರೆದರು.

"ಟೀಚರ್ ಪೋಯಿ, ಮೋಳೆ," ಎಂದರು.

ತೀರಿಹೋಗಿ ಎರಡು ತಿಂಗಳಾಗಿತ್ತು. ಅಂದರೆ ನಾನು ಈ ಊರಿಗೆ ಬಂದ ಮೇಲೂ ಹದಿನಾಲ್ಕು ತಿಂಗಳು ಅವರು ಇಲ್ಲೇ ಇದ್ದರು. ಹೆಚ್ಚು ನರಳಲಿಲ್ಲವಂತೆ. ನಿಮ್ಮದೊಂದು ಪುಸ್ತಕ ಇದೆ, ಬಂದು ತೆಗೆದುಕೊಂಡು ಹೋಗಿ, ಯಾರೂ ಬಂದಿಲ್ಲವಾದ್ದರಿಂದ ಕೋಣೆ ಇನ್ನೂ ಖಾಲಿ ಮಾಡಿಲ್ಲ ಎಂದರು. ಯಾವ ಪುಸ್ತಕ ಎಂದು ನನಗೆ ಅರ್ಥವಾಗಲಿಲ್ಲ. ಅವರಿಗೆಂದು ಎತ್ತಿಟ್ಟಿದ್ದ ಪ್ರತಿ ನನ್ನ ಬೀರುವಿನಲ್ಲೇ ಇತ್ತು.

ಸಂಜೆ ಹೋದೆ. ಯಜಮಾನಿ ಮೇಜಿನಿಂದ ತೆಗೆದುಕೊಟ್ಟದ್ದು ಅದೇ ಸ್ಮರಣ ಸಂಚಿಕೆ. ಮಹೋತ್ಸವ ಮುಗಿದ ವಾರದ ಮುದ್ರೆಯಿದ್ದ ಅಂಚೆಯ ಲಕೋಟೆ ಕೂಡ ಪುಟಗಳ ನಡುವೆ ಇತ್ತು. ನಿವೃತ್ತ ಟೀಚರುಗಳಿಗೆಲ್ಲ ಶಾಲೆಯ ಆಫೀಸಿನಿಂದ ಒಂದೊಂದು ಗೌರವ ಪ್ರತಿ ಕಳಿಸುವುದು ವಾಡಿಕೆ. ಇಷ್ಟು ಸರಳ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ನಾನು ಕೊಟ್ಟರೆ ಮಾತ್ರ ಅವರಿಗೆ ಗೊತ್ತಾಗುತ್ತದೆ, ಕೊಡದಿದ್ದರೆ ಗೊತ್ತಾಗುವುದಿಲ್ಲ ಎಂದುಕೊಂಡು ಅಷ್ಟು ತಿಂಗಳು ಅಡಗಿಕೊಂಡಿದ್ದೆ. ಅವರು ಮಹೋತ್ಸವ ಮುಗಿದ ವಾರವೇ ಅದನ್ನು ಓದಿಯಾಗಿತ್ತು. ಅಂದರೆ ಆ ಮೂರು ಫೋನುಗಳು, ಎಲ್ಲವೂ ಗೊತ್ತಾದ ಮೇಲೆ ಮಾಡಿದವು.

ನನ್ನ ಲೇಖನದ ಪಕ್ಕದಲ್ಲಿ ಕೆಂಪು ಪೆನ್ಸಿಲಿನ ಸರಿ ಗುರುತುಗಳಿದ್ದವು. ಹೊಸ ಕಟ್ಟಡದ ಮಾತಿಗೆ ಒಂದು, ಮೊದಲ ಹತ್ತನೇ ತರಗತಿಯ ಫಲಿತಾಂಶಕ್ಕೆ ಒಂದು, ಗ್ರಂಥಾಲಯಕ್ಕೆ ಒಂದು. ನಿಜ ಇದ್ದಲ್ಲೆಲ್ಲ ಒಪ್ಪಿಕೊಂಡಿದ್ದರು. ಅನೌಪಚಾರಿಕ ಪ್ರಯತ್ನಗಳ ಆ ವಾಕ್ಯದ ಪಕ್ಕ ಸರಿ ಗುರುತೂ ಇಲ್ಲ, ತಪ್ಪು ಗುರುತೂ ಇಲ್ಲ. ಲೇಖನದ ಕೊನೆಯಲ್ಲಿ, ಮಕ್ಕಳ ನೋಟ್‌ಬುಕ್ಕಿನ ಕೆಳಗೆ ಬರೆಯುವ ಹಾಗೆ, ದುಂಡಗಿನ ಇಂಗ್ಲಿಷ್ ಅಕ್ಷರಗಳಲ್ಲಿ ಎರಡೇ ಪದ: ಸೀ ಮೀ. ಬಂದು ನನ್ನನ್ನು ನೋಡು. ಮಗು ದೊಡ್ಡ ತಪ್ಪು ಮಾಡಿದಾಗ ನಾವು ಹಾಗೆ ಬರೆಯುತ್ತೇವೆ. ಎಲ್ಲರ ಮುಂದೆ ಬೈಯಬಾರದು, ಪಕ್ಕದಲ್ಲಿ ಕೂರಿಸಿಕೊಂಡು ಹೇಳಬೇಕು ಎನ್ನಿಸಿದಾಗ.

ಯಜಮಾನಿ ಬಾಗಿಲಲ್ಲಿ ನಿಂತೇ ಇದ್ದರು. ಟೀಚರ್ ಶಾಲೆಗೆ ಫೋನ್ ಮಾಡಿ ನಿಮ್ಮ ವಿಷಯ ಕೇಳಿದ್ದರು, ನೀವು ಶ್ರೀಕಾರ್ಯಂಗೆ ಬಂದಿದ್ದೀರಿ ಎಂದು ಅವರಿಗೆ ಗೊತ್ತಿತ್ತು ಎಂದರು. ಅವಳು ಬರಲಿಲ್ಲವಲ್ಲ ಎಂದು ಯಜಮಾನಿ ಕೇಳಿದಾಗಲೆಲ್ಲ ಟೀಚರ್ ಕನ್ನಡದಲ್ಲಿ ಏನೋ ಒಂದು ಹೇಳಿ, ಅದರ ಅರ್ಥವನ್ನು ಮಲಯಾಳಂನಲ್ಲಿ ಬಿಡಿಸುತ್ತಿದ್ದರಂತೆ. ಊರಿಗೆ ಬಂದವಳು ಬಾವಿಯ ಹತ್ತಿರ ಬರದೆ ಎಲ್ಲಿ ಹೋಗುತ್ತಾಳೆ, ಹಾಗೇನೋ. ಸರಿಯಾಗಿ ನೆನಪಿಲ್ಲ ಎಂದರು. ನನಗೆ ನೆನಪಿತ್ತು. ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ... ಅದನ್ನು ಹೇಳುವಾಗಿನ ಅವರ ದನಿಯೂ ಕೇಳಿದ ಹಾಗಾಯಿತು. ಹಾಸಿಗೆಯಿಲ್ಲದ ಆ ಮಂಚದ ಮೇಲೆ ಕುಳಿತು ನಾನು ಅತ್ತೆ. ಯಜಮಾನಿ ಸಮಾಧಾನ ಹೇಳಲಿಲ್ಲ. ಹೇಳಲಿಲ್ಲವೆಂದು ಈಗಲೂ ಅವರ ಮೇಲೆ ಗೌರವ.

ಇದಾಗಿ ಮೂರು ವರ್ಷ. ಮೊನ್ನೆ, ಶುಂಠಿ ತಂದ ದಿನಕ್ಕೆ ಸ್ವಲ್ಪ ಮೊದಲು, ಕೊಚ್ಚಿಯ ಶಾಲೆಯಿಂದ ಫೋನು ಬಂದಿತ್ತು. ಶಾಲೆಗೆ ವೆಬ್‌ಸೈಟ್ ಮಾಡುತ್ತಿದ್ದಾರೆ. ನಿಮ್ಮ ಇತಿಹಾಸದ ಲೇಖನವನ್ನೇ ಹಾಕುತ್ತೇವೆ, ಈಚಿನ ವರ್ಷಗಳದ್ದೊಂದಿಷ್ಟು ಸೇರಿಸಿ ಕಳಿಸಿ ಎಂದು ಆಫೀಸಿನ ಹೊಸ ಹುಡುಗಿ ಕೇಳಿದಳು. ಕಳಿಸುತ್ತೇನೆ ಎಂದೆ. ಆದರೆ ಗೋದಾಮಿನಿಂದ ಶುರುಮಾಡಿದೆ. ಗಾಜಿನ ಹೆಂಚು, ಸರಿಯುವ ಬಿಸಿಲು, ಶುಂಠಿ ರಜೆ, ಆರು ವರ್ಷ, ಎಲ್ಲವನ್ನೂ ಬರೆದೆ. ಟೀಚರ್ ಬೇಡವೆಂದಿದ್ದರೂ ಅವರ ಹೆಸರನ್ನು ಬರೆದೆ. ಆಮೇಲೆ ಹುಡುಗಿಯರ ಹೆಸರಿಗೆ ಬಂದೆ.

ಬಾಯಿಪಾಠ ಮಾಡಿದ್ದರೆ ಬರುತ್ತಿತ್ತು. ನಾನು ಮಾಡಿರಲಿಲ್ಲ. ಕಣ್ಣು ಮುಚ್ಚಿ ಮೂರು ದಿನ ಕುಳಿತರೂ ಎಂಟೇ ಹೆಸರು ಬಂದವು. ಶಾಲೆಯ ದಾಖಲೆಗಳು ಮಾನ್ಯತೆಯಿಂದ ಶುರುವಾಗುತ್ತವೆ. ಮಟ್ಟಾಂಚೇರಿಯ ಹಳೆಯ ಪರಿಚಯದವರಿಗೆಲ್ಲ ಫೋನು ಮಾಡಿ ಆ ಹತ್ತೊಂಬತ್ತರಲ್ಲಿ ಒಬ್ಬರನ್ನು ಹುಡುಕಿದೆ. ಎಪ್ಪತ್ತರ ಹತ್ತಿರದ ಅಜ್ಜಿ, ಮಾತು ನಿಧಾನ. ನಡುವಿನ ಸಾಲಿನಲ್ಲಿ ತನ್ನ ಅಕ್ಕಪಕ್ಕ ಕುಳಿತಿದ್ದವರ ಹೆಸರು, ತನ್ನ ಹೆಸರು, ಒಟ್ಟು ಮೂರು ಹೇಳಿದರು. ಮೂರೂ ನನ್ನ ಪಟ್ಟಿಯಲ್ಲಿ ಇಲ್ಲದವೇ. ಉಳಿದವರು ಯಾರು ಎಂದರೆ, "ಅದು ಟೀಚರಿಗೇ ಗೊತ್ತು, ಅವರನ್ನು ಕೇಳಿ," ಎಂದರು. ಅವರಿಗೆ ಸುದ್ದಿ ಗೊತ್ತಿರಲಿಲ್ಲ. ನಾನೇ ಹೇಳಬೇಕಾಯಿತು.

ಹನ್ನೊಂದು ಹೆಸರನ್ನು ಸಾಲಾಗಿ ಬರೆದು, ಎಂಟು ಸಾಲು ಖಾಲಿ ಬಿಟ್ಟು ಕಳಿಸಿದೆ. ಮರುದಿನ ಆಫೀಸಿನ ಹುಡುಗಿ ಫೋನು ಮಾಡಿದಳು. ಟೀಚರ್, ಹೆಸರುಗಳ ಕೆಳಗೆ ಎಂಟು ಸಾಲು ಖಾಲಿ ಬಂದಿದೆ, ಟೈಪಿಂಗ್ ತಪ್ಪಿರಬೇಕು, ತೆಗೆಯಲೇ ಎಂದಳು. ತೆಗೆಯಬೇಡ, ಅಲ್ಲಿ ಎಂಟು ಜನ ಇದ್ದಾರೆ ಎಂದೆ. ಮ್ಯಾನೇಜರನ್ನು ಕೇಳಿ ಹೇಳುತ್ತೇನೆ ಎಂದಳು. ಇನ್ನೂ ಹೇಳಿಲ್ಲ. ಅವರು ಬೇಡವೆಂದರೆ ಈ ಸಲ ನಾನೇ ಹೋಗಿ ಅವರೆದುರು ಕೂರುವವಳು. ಆದರೂ ಆ ಎಂಟು ಸಾಲು ನನ್ನ ಕೈಲಿ ತುಂಬುವುದಿಲ್ಲ. ಆ ಎಂಟು ಹೆಸರು ಒಬ್ಬರ ಬಾಯಲ್ಲಿ ಮಾತ್ರ ಇದ್ದವು. ಬಸ್ಸಿನಲ್ಲಿ ಹತ್ತು ನಿಮಿಷದ ದೂರದಲ್ಲಿ, ಹದಿನಾಲ್ಕು ತಿಂಗಳು.